ಮನೆಗೆ ರೌಟರ್: ಯಾವ ಕಂಪನಿಯದು ಕೊಳ್ಳೋಣ?

ನಮ್ಮ ವಾಚನಾಲಯಕ್ಕೆ ಸಾಯಂಕಾಲ ಬಂದು ಕೂಡುವ ಬಂಧುಗಳು ಪತ್ರಿಕೆ ಓದಿ ಮಡಚಿಟ್ಟ ಮೇಲೆ ನಮ್ಮ ಮೇಜಿನ ಬಳಿ ನಿಂತು ಹಲವು ಬಗೆಯ ಪ್ರಶ್ನೆಗಳನ್ನು ಕೇಳುವುದುಂಟು. ಮೊದಲೆಲ್ಲ ರೇಷನ್ ಕಾರ್ಡು, ಭವಿಷ್ಯನಿಧಿ, ಊರಿನ ರೈಲು ಇವುಗಳ ವಿಚಾರವೇ ಹೆಚ್ಚಾಗಿತ್ತು. ಈಚೆಗೆ ಒಂದು ಪ್ರಶ್ನೆ ಇವೆಲ್ಲವನ್ನೂ ಹಿಂದೆ ಹಾಕಿದೆ. “ಮನ್ಯಾಗ ವೈ-ಫೈ ಹಾಕಿಸೀವ್ರೀ. ರೌಟರ್ ಯಾವ ಕಂಪನೀದು ತಗೋಬೇಕು?”

ಪ್ರಶ್ನೆ ಸಣ್ಣದೆಂದು ತಳ್ಳಿಹಾಕುವಂತಿಲ್ಲ. ಪೇಟೆಯಲ್ಲಿ ರೌಟರುಗಳು ಸಾವಿರ ರೂಪಾಯಿಯ ಆಸುಪಾಸಿನಿಂದ ಹತ್ತು ಸಾವಿರ ದಾಟಿದವರೆಗೂ ಇವೆ. ತಿಂಗಳ ಸಂಬಳದ ಮೇಲೆ ಸಂಸಾರ ನಡೆಸುವ ನಮ್ಮಂಥವರಿಗೆ ಎರಡು ಮೂರು ಸಾವಿರ ಎಂದರೆ ಜಾತ್ರೆಗೆ ಊರಿಗೆ ಹೋಗಿಬರುವ ಖರ್ಚು, ಇಲ್ಲವೆ ಮಗುವಿನ ಒಂದು ಕಂತಿನ ಫೀಸು. ಆ ಹಣ ಒಮ್ಮೆ ಅಂಗಡಿಯ ಗಲ್ಲೆಗೆ ಬಿದ್ದರೆ ತಿರುಗಿ ಬರುವುದಿಲ್ಲ.

ನಾವು ಇಂಜಿನಿಯರರಲ್ಲ. ಮ್ಯಾಟ್ರಿಕ್ ಓದಿ ಕಾಟೇದಾನಿನ ಒಂದು ಗಿರಣಿಯ ಕಚೇರಿಯಲ್ಲಿ ಲೆಕ್ಕ ಬರೆಯುವವರು. ಆದರೆ ಕಚೇರಿಯ ರೌಟರ್ ಮುನಿಸಿಕೊಂಡಾಗಲೆಲ್ಲ ಅದರ ಮುಂದೆ ಕೂರುವ ಪಾಳಿ ನಮ್ಮದೇ ಆದ್ದರಿಂದ ಕೆಲವು ಸಂಗತಿಗಳನ್ನು ಓದಿ, ಕೇಳಿ, ಕೈಸುಟ್ಟುಕೊಂಡು ಕಲಿತಿದ್ದೇವೆ. ಕಲಿತದ್ದರ ಸಾರ ಇಷ್ಟೆ: ಕಂಪನಿಯ ಹೆಸರು ಕೇಳುವುದು ನಾಲ್ಕನೆಯ ಪ್ರಶ್ನೆ. ಅದಕ್ಕೆ ಮೊದಲು ಕೇಳಬೇಕಾದವು ಮೂರುಂಟು. ಹೊಸ ರೌಟರ್ ನಿಜವಾಗಿ ಬೇಕೆ? ಬೇಕಾದರೆ ಯಾವ ಬಗೆಯದು? ಮಾರಿದ ಮೇಲೆ ಕಂಪನಿ ಎಷ್ಟು ವರ್ಷ ಅದರ ಕೈ ಹಿಡಿಯುತ್ತದೆ? ಈ ಮೂರಕ್ಕೆ ಉತ್ತರ ಸಿಕ್ಕಿದರೆ ನಾಲ್ಕನೆಯದು ಬಹುಮಟ್ಟಿಗೆ ತಾನಾಗಿಯೇ ತೀರುತ್ತದೆ.

ರೌಟರ್ ಮಾಡುವ ಕೆಲಸ

ನಮ್ಮ ಓಣಿಗಳಿಗೆ ಈಗ ಬರುವ ಇಂಟರ್ನೆಟ್ ಸಾಲು ಹೆಚ್ಚಾಗಿ ಫೈಬರಿನದು, ಎಂದರೆ ಗಾಜಿನ ಸಣ್ಣ ಎಳೆ. ಅದರೊಳಗೆ ಬೆಳಕು ಸುದ್ದಿಯನ್ನು ಹೊತ್ತು ತರುತ್ತದೆ. ಮನೆಯೊಳಗೆ ಆ ಎಳೆ ಬಂದು ಸೇರುವ ಪೆಟ್ಟಿಗೆಗೆ ಓ.ಎನ್.ಟಿ. ಎಂದು ಹೆಸರು. ಬೆಳಕಿನ ಸುದ್ದಿಯನ್ನು ವಿದ್ಯುತ್ತಿನ ಸುದ್ದಿಯಾಗಿ ಮಾರ್ಪಡಿಸುವುದು ಅದರ ಕೆಲಸ. ಆ ಬಳಿಕ ಅದನ್ನು ಮನೆಯ ಫೋನು, ಕಂಪ್ಯೂಟರು, ಟಿ.ವಿ.ಗಳಿಗೆ ಹಂಚುವುದು ರೌಟರಿನ ಕೆಲಸ. ಬಹಳ ಮನೆಗಳಲ್ಲಿ ಸಾಲಿನ ಕಂಪನಿ ಕೊಟ್ಟ ಒಂದೇ ಪೆಟ್ಟಿಗೆ ಎರಡನ್ನೂ ಮಾಡುತ್ತಿರುತ್ತದೆ. ಅಂಥ ಮನೆಯವರು ತಮ್ಮಲ್ಲಿ ರೌಟರ್ ಇಲ್ಲವೆಂದು ತಿಳಿದು ಅಂಗಡಿಗೆ ಹೊರಡುವುದನ್ನು ಕಂಡಿದ್ದೇವೆ. ಆದಕಾರಣ ಮೊದಲು ಪೆಟ್ಟಿಗೆಯ ಹಿಂಬದಿಯ ಚೀಟಿ ನೋಡಿರಿ. ಅಲ್ಲಿ ವೈ-ಫೈ ಹೆಸರು, ಗುಪ್ತಪದ ಅಚ್ಚಾಗಿದ್ದರೆ ರೌಟರ್ ಆಗಲೇ ನಿಮ್ಮ ಮನೆಯಲ್ಲಿದೆ.

ಓಣಿಯ ನಳದ ಹೋಲಿಕೆ ಇಲ್ಲಿ ಒಪ್ಪುತ್ತದೆ. ರಸ್ತೆಯ ದೊಡ್ಡ ಪೈಪು ಸಾಲಿನ ಕಂಪನಿಯದು. ಮನೆಯೊಳಗಿನ ನಲ್ಲಿ ನಮ್ಮ ರೌಟರ್. ಪೈಪಿನಲ್ಲಿಯೇ ನೀರಿಲ್ಲದಾಗ ಹಿತ್ತಾಳೆಯ ನಲ್ಲಿ ತೆಗೆದು ಬೆಳ್ಳಿಯದನ್ನು ಕೂಡಿಸಿದರೂ ಕೊಡ ತುಂಬದು.

ತಂತಿಯಿಲ್ಲದೆ ಹಂಚುವುದರಿಂದ ಇದಕ್ಕೆ ನಿಸ್ತಂತು ಎನ್ನುತ್ತಾರೆ. ನಮ್ಮ ಹಿರಿಯರು ರೇಡಿಯೊವನ್ನು ವೈರ್‌ಲೆಸ್ ಎನ್ನುತ್ತಿದ್ದರಲ್ಲ, ಇದೂ ಅದೇ ಕುಲದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆಚಾರ್ಯ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ಕಿರಿದಾದ ರೇಡಿಯೊ ಅಲೆಗಳನ್ನು ಗೋಡೆಯಾಚೆಗೆ ಕಳಿಸಿ ಗಂಟೆ ಬಾರಿಸಿ ತೋರಿಸಿದ್ದರು. ಇಂದಿನ ರೌಟರ್ ಸಾಮಾನ್ಯವಾಗಿ ಎರಡು ಬಗೆಯ ಅಲೆಗಳನ್ನು ಬಳಸುತ್ತದೆ. 2.4 ಗಿಗಾಹರ್ಟ್ಸಿನದು ಒಂದು, 5 ಗಿಗಾಹರ್ಟ್ಸಿನದು ಇನ್ನೊಂದು. ನಮ್ಮ ದೇಶದಲ್ಲಿ 2.4ರ ಪಟ್ಟಿಯನ್ನು ಲೈಸೆನ್ಸಿಲ್ಲದೆ ಬಳಸಬಹುದೆಂಬ ನಿಯಮ 2005ರ ಜನವರಿಯಲ್ಲಿ ಬಂತು. 5ರ ಪಟ್ಟಿಯನ್ನು ಹೊರಾಂಗಣಕ್ಕೂ ಸಲ್ಲುವಂತೆ ಧಾರಾಳವಾಗಿ ಬಿಟ್ಟುಕೊಟ್ಟದ್ದು 2018ರಲ್ಲಿ. ಇದಕ್ಕೆ ನಡುವೆ, 2016ರ ಏಪ್ರಿಲಿನಲ್ಲಿ, ನಮ್ಮ ಕಾಚಿಗೂಡ ನಿಲ್ದಾಣದಲ್ಲಿ ರೈಲ್‌ಟೆಲ್ ಮತ್ತು ಗೂಗಲ್ ಸೇರಿ ಉಚಿತ ವೈ-ಫೈ ಆರಂಭಿಸಿದಾಗ, ಬೆಂಗಳೂರಿನ ಗಾಡಿಗೆ ಕಾಯುತ್ತ ಪ್ಲಾಟ್‌ಫಾರಂ ಮೇಲೆ ಫೋನು ಹಿಡಿದು ಕುಳಿತವರು ನಮ್ಮಲ್ಲಿ ಎಷ್ಟೋ ಮಂದಿ.

ಈ ಎರಡು ಅಲೆಗಳ ಗುಣ ಬೇರೆ ಬೇರೆ. 2.4ರದು ದೂರ ಹೋಗುತ್ತದೆ, ಗೋಡೆಯನ್ನು ಕೊಂಚ ಸುಲಭವಾಗಿ ದಾಟುತ್ತದೆ, ಆದರೆ ವೇಗ ಕಡಮೆ. ಅದರಲ್ಲಿ ಒಂದರ ಮೇಲೊಂದು ಬೀಳದ ದಾರಿಗಳು ಮೂರೇ. 1, 6, 11 ಎಂದು ಅವಕ್ಕೆ ಅಂಕಿ. ಇಪ್ಪತ್ತು ಮೂವತ್ತು ಸಂಸಾರಗಳ ವಠಾರದಲ್ಲಿ ಎಲ್ಲರ ರೌಟರೂ ಈ ಮೂರು ದಾರಿಯಲ್ಲೇ ನೂಕಾಡುತ್ತವೆ. ಅಡಿಗೆಮನೆಯ ಮೈಕ್ರೋವೇವ್ ಒಲೆಯೂ ಇದೇ ಪಟ್ಟಿಯಲ್ಲಿ ಕೆಲಸ ಮಾಡುವುದರಿಂದ ಹತ್ತಿರದಲ್ಲಿದ್ದರೆ ಅಡ್ಡಿಪಡಿಸುತ್ತದೆ. 5ರದು ವೇಗ ಹೆಚ್ಚು, ದಾರಿಗಳೂ ಹೆಚ್ಚು. ಆದರೆ ಕಲ್ಲಿನ ಗೋಡೆ, ಕಾಂಕ್ರೀಟು ಎದುರಾದರೆ ಬೇಗ ಸೋಲುತ್ತದೆ.

ಕೊಳ್ಳುವ ಮೊದಲು ಮಾಡತಕ್ಕ ಪರೀಕ್ಷೆ

ಒಂದು ಹಾಳೆಯಲ್ಲಿ ಗೆರೆ ಹಾಕಿಕೊಂಡು ಬೆಳಗ್ಗೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ ಮೂರು ಕಡೆ ವೇಗ ಅಳೆಯಿರಿ. ಅಳೆಯುವ ಉಚಿತ ಸಾಧನಗಳು ಫೋನಿನಲ್ಲಿಯೇ ಸಿಗುತ್ತವೆ. ಅಳೆಯುವಾಗ ಮನೆಯ ಇತರ ಫೋನುಗಳ ವೈ-ಫೈ ಆರಿಸಿರಲಿ. ಮೊದಲನೆಯದು, ಲ್ಯಾಪ್‌ಟಾಪ್ ಇದ್ದರೆ, ಇಲ್ಲದಿದ್ದರೆ ಗೆಳೆಯರಿಂದ ಎರವಲು ತಂದಾದರೂ, ಲ್ಯಾನ್ ತಂತಿಯನ್ನು ಪೆಟ್ಟಿಗೆಗೆ ನೇರವಾಗಿ ಸಿಕ್ಕಿಸಿ. ಎರಡನೆಯದು, ರೌಟರಿನಿಂದ ನಾಲ್ಕು ಹೆಜ್ಜೆಯಲ್ಲಿ ಫೋನು ಹಿಡಿದು ನಿಂತು. ಮೂರನೆಯದು, ತೊಂದರೆ ಇರುವ ಕೋಣೆಯಲ್ಲಿ.

ಇನ್ನು ಹಾಳೆಯನ್ನು ಓದುವ ಬಗೆ. ತಂತಿಯಲ್ಲಿಯೇ ವೇಗ ಕಡಮೆ ಬಂದರೆ ಕುಂದು ಸಾಲಿನದು. ಕಂಪನಿಗೆ ದೂರು ಕೊಡಿರಿ, ರೌಟರ್ ಕೊಳ್ಳಬೇಡಿರಿ. ತಂತಿಯಲ್ಲಿ ಚೆನ್ನಾಗಿದ್ದು ಹತ್ತಿರದ ವೈ-ಫೈಯಲ್ಲಿ ಕಡಮೆಯಾದರೆ ರೌಟರ್ ಹಳೆಯದಾಗಿದೆ, ಇಲ್ಲವೆ ಫೋನೇ ಹಳೆಯದು. ಇನ್ನೊಂದು ಫೋನಿನಲ್ಲಿ ನೋಡಿದರೆ ಯಾವುದೆಂಬುದು ತಿಳಿಯುತ್ತದೆ. ಹತ್ತಿರದಲ್ಲಿ ಚೆನ್ನಾಗಿದ್ದು ಒಳಕೋಣೆಯಲ್ಲಿ ಮಾತ್ರ ಸೊರಗಿದರೆ ಕುಂದು ಜಾಗದ್ದು. ರಾತ್ರಿ ಮಾತ್ರ ತೊಂದರೆ, ಅದೂ ತಂತಿಯಲ್ಲಿಯೂ ತೊಂದರೆ ಎಂದಾದರೆ ಓಣಿಯವರೆಲ್ಲ ಒಟ್ಟಿಗೆ ಬಳಸುವ ಹೊತ್ತಿನಲ್ಲಿ ಸಾಲು ಸಾಲದಾಗುತ್ತಿದೆ ಎಂದು ಅರ್ಥ.

ಅಂಕಿಯ ವಿಚಾರದಲ್ಲಿ ಒಂದು ಎಚ್ಚರಿಕೆ. ಕಂಪನಿಗಳು ಹೇಳುವುದು ಮೆಗಾಬಿಟ್ಟಿನಲ್ಲಿ. ಫೋನಿನಲ್ಲಿ ಕಡತ ಇಳಿಯುವಾಗ ಕಾಣುವುದು ಹೆಚ್ಚಾಗಿ ಮೆಗಾಬೈಟಿನಲ್ಲಿ. ಎಂಟು ಬಿಟ್ಟು ಸೇರಿ ಒಂದು ಬೈಟು. ಆದ್ದರಿಂದ 100 ಮೆಗಾಬಿಟ್ಟಿನ ಸಾಲಿನಲ್ಲಿ ಸೆಕೆಂಡಿಗೆ 12.5 ಮೆಗಾಬೈಟ್ ಇಳಿದರೆ ಅದು ಪೂರ್ಣ ವೇಗವೇ. ಕಂಪನಿ ಮೋಸ ಮಾಡಿತೆಂದು ಜಗಳಕ್ಕೆ ಹೋಗಬೇಕಾಗಿಲ್ಲ. ಒಂದು ಸ್ಪಷ್ಟವಾದ ವಿಡಿಯೊ ಪಾಠಕ್ಕೆ 5 ಮೆಗಾಬಿಟ್ ಸಾಕು. ನಾಲ್ಕೈದು ಮಂದಿಯ ಮನೆಗೆ 40 ಮೆಗಾಬಿಟ್ಟಿನ ಸಾಲು ಸರಿಯಾಗಿ ಒಳಗೆ ಹಂಚಿಕೆಯಾದರೆ ಧಾರಾಳ.

ಒಂದು ಮನೆಯ ಕಥೆ

ಸೇಡಂ ಕಡೆಯ ನಮ್ಮ ಸ್ನೇಹಿತರೊಬ್ಬರು ಅಂಬರ್‌ಪೇಟೆಯಲ್ಲಿ ಎರಡು ಕೋಣೆಯ ಪೋರ್ಷನ್ ಬಾಡಿಗೆಗೆ ಹಿಡಿದಿದ್ದಾರೆ. ಮಗಳು ಇಂಟರ್ ಓದುತ್ತಾಳೆ. ಒಳಕೋಣೆಯಲ್ಲಿ ಕೂತು ಫೋನಿನಲ್ಲಿ ಗಣಿತದ ಪಾಠ ಕೇಳುವಾಗ ಅರ್ಧ ಲೆಕ್ಕಕ್ಕೇ ಮಾಸ್ತರರ ಮುಖ ನಿಂತುಹೋಗುತ್ತಿತ್ತು. ಅಂಗಡಿಯವರೊಬ್ಬರು “ಈ ಕಂಪನಿಯದು ಹೀಗೇ, ನಾಲ್ಕು ಕೊಂಬಿನದು ಒಯ್ಯಿರಿ” ಎಂದರು. ಇವರು ಕೈಗಡ ಮಾಡಿ 2,800 ರೂಪಾಯಿ ಕೊಟ್ಟು ತಂದರು. ಮೂರು ದಿನದ ಮೇಲೆ ವಾಚನಾಲಯಕ್ಕೆ ಬಂದವರು ಪತ್ರಿಕೆ ಮುಟ್ಟಲಿಲ್ಲ. “ಅಣ್ಣಾರ, ರೊಕ್ಕಾನೂ ಹೋತು, ಪಾಠಾನೂ ನಿಂತದ. ಹುಡುಗಿ ಅಳಾಕತ್ಯಾಳ. ನಾ ಏನ್ ಮಾಡ್ಲಿ?” ಎಂದರು.

ಆದಿತ್ಯವಾರ ನಾವು ಅವರ ಮನೆಗೆ ಹೋದೆವು. ಮುಂಕೋಣೆಯಲ್ಲಿ ಕಬ್ಬಿಣದ ಅಲಮಾರು. ಅದರ ಮೇಲೆ ಸ್ಟೀಲಿನ ಡಬ್ಬಿ, ಪಾತ್ರೆಗಳ ಸಾಲು. ಅವುಗಳ ಹಿಂದೆ ಗೋಡೆಗೆ ಒತ್ತಿದಂತೆ ಹೊಸ ರೌಟರ್ ಕೂತಿದೆ; ಅದರ ನಾಲ್ಕು ಕೊಂಬೂ ಪಾತ್ರೆಗಳ ಮರೆಯಲ್ಲಿವೆ. ಲೋಹ ಈ ಅಲೆಗಳನ್ನು ದಾಟಗೊಡುವುದಿಲ್ಲ, ಹಿಂದಕ್ಕೆ ಎರಚುತ್ತದೆ. ನಾವು ಮಾಡಿದ್ದು ಇಷ್ಟೆ: ಹತ್ತು ಗಜ ತಂತಿ ತಂದು ರೌಟರನ್ನು ಎರಡು ಕೋಣೆಗಳ ನಡುವಣ ಬಾಗಿಲ ಪಕ್ಕದ ಎತ್ತರದ ಮರದ ಹಲಗೆಯ ಮೇಲಿಟ್ಟೆವು. ಒಳಕೋಣೆಯಲ್ಲಿ 3 ಮೆಗಾಬಿಟ್ ತೋರಿಸುತ್ತಿದ್ದ ಫೋನು 32 ತೋರಿಸಿತು. ಕುತೂಹಲಕ್ಕೆ ಹಳೆಯ ರೌಟರನ್ನೂ ಅದೇ ಹಲಗೆಯ ಮೇಲಿಟ್ಟು ನೋಡಿದೆವು. ಅದರಲ್ಲಿಯೂ 30 ಬಂತು. ಆ ಮನೆಯ ಯಜಮಾನರು ಬಹಳ ಹೊತ್ತು ಮಾತಾಡಲಿಲ್ಲ. ಡಬ್ಬಿ ಒಡೆದ ಸರಕನ್ನು ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಈ ಕಥೆಯ ನೀತಿ ಸುಲಭವಾಗಿದೆ. ರೌಟರನ್ನು ಮನೆಯ ನಡುಮಧ್ಯದಲ್ಲಿ, ಎದೆಯೆತ್ತರಕ್ಕಿಂತ ಮೇಲೆ, ಬಯಲಾಗಿ ಇಡಿರಿ. ಕಬ್ಬಿಣದ ಅಲಮಾರು, ಫ್ರಿಜ್ಜು, ದೊಡ್ಡ ಕನ್ನಡಿ, ನೀರಿನ ಡ್ರಮ್ಮು ಇವುಗಳಿಂದ ದೂರವಿರಲಿ. ಬಟ್ಟೆ ಹೊದಿಸಬೇಡಿರಿ. ಹೈದರಾಬಾದಿನ ಬೇಸಿಗೆಯಲ್ಲಿ ಅದಕ್ಕೂ ಗಾಳಿ ಬೇಕು.

ಡಬ್ಬಿಯ ಮೇಲಿನ ಅಂಕಿಗಳು

ಪರೀಕ್ಷೆ ಮಾಡಿ, ಜಾಗ ಬದಲಿಸಿ ನೋಡಿದ ಮೇಲೂ ರೌಟರ್ ಬೇಕೆಂದೇ ತೋರಿದರೆ ಮುಂದಿನ ಮಾತು. ಡಬ್ಬಿಯ ಮೇಲೆ ಎನ್ 300, ಎಸಿ 1200, ಎಎಕ್ಸ್ 1500, ಎಎಕ್ಸ್ 3000 ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತದೆ. ಅಕ್ಷರ ಹೇಳುವುದು ಪೀಳಿಗೆಯನ್ನು. ‘ಎನ್’ ಎಂದರೆ 2009ರ ಪೀಳಿಗೆ, ವೈ-ಫೈ 4. ‘ಎಸಿ’ ಎಂದರೆ ವೈ-ಫೈ 5. ‘ಎಎಕ್ಸ್’ ಎಂದರೆ ವೈ-ಫೈ 6. ಇದಕ್ಕೆ ಪ್ರಮಾಣಪತ್ರ ಕೊಡುವುದು 2019ರಲ್ಲಿ ಮೊದಲಾಯಿತು. ವೈ-ಫೈ 7ರದು 2024ರಲ್ಲಿ. ಹೊಸ ರೌಟರಿನೊಡನೆ ಹಳೆಯ ಫೋನು ಕೆಲಸ ಮಾಡುತ್ತದೆ. ಆದರೆ ಹಳೆಯ ಫೋನಿನ ವೇಗದಲ್ಲಿಯೇ. ಫೋನುಗಳೆಲ್ಲ ಹಳೆಯವಾಗಿರುವ ಮನೆಗೆ ವೈ-ಫೈ 7 ತರುವುದು ಎತ್ತಿನ ಗಾಡಿಗೆ ವಿಮಾನದ ನಿಲ್ದಾಣ ಕಟ್ಟಿಸಿದ ಹಾಗೆ.

ಅಂಕಿ ಹೇಳುವುದು ವೇಗವನ್ನು, ಆದರೆ ಗುಮಾಸ್ತರಾದ ನಮಗೆ ಅದರ ಗುಟ್ಟು ಬೇಗ ತಿಳಿಯಬೇಕು. ಅದು ಒಟ್ಟು ಸಂಬಳ, ಕೈಗೆ ಬರುವ ಸಂಬಳವಲ್ಲ. ಎಸಿ 1200 ಎಂದರೆ 2.4ರ ಪಟ್ಟಿಯಲ್ಲಿ 300, 5ರ ಪಟ್ಟಿಯಲ್ಲಿ 867. ಕೂಡಿದರೆ 1167; ದುಂಡಾಗಿಸಿ 1200. ಎಎಕ್ಸ್ 1500 ಎಂದರೆ 300 ಮತ್ತು 1201. ಆದರೆ ನಮ್ಮ ಬಳಿ ಇರುವಂಥ ಫೋನು ಒಂದು ಹೊತ್ತಿಗೆ ಒಂದೇ ಪಟ್ಟಿಯಲ್ಲಿ ಕೂಡುತ್ತದೆ. ಅಲ್ಲಿಯೂ ದೂರ, ಗೋಡೆ, ನೆರೆಯವರ ಅಲೆ ಎಂಬ ಕಡಿತಗಳು ಕಳೆದ ಮೇಲೆ ಕೈಗೆ ಬರುವುದು ಅರ್ಧದ ಆಸುಪಾಸು. ಕೊನೆಗೂ ಅದು ಸಾಲಿನ ವೇಗವನ್ನು ಮೀರಲಾರದು.

ಡಬ್ಬಿಯ ಮುಖದ ಮೇಲೆ ಕಾಣದೆ ಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವ ಒಂದು ಸಂಗತಿ ಇದಕ್ಕಿಂತ ಮುಖ್ಯವಾದದ್ದು. ಅದು ತಂತಿಯ ಕಿಂಡಿಯ ವೇಗ. ಅಗ್ಗದ ಹಲವು ರೌಟರುಗಳ ಕಿಂಡಿ 100 ಮೆಗಾಬಿಟ್ಟಿನದು. ಸಾಲು 200ರದಾದರೂ ಒಳಗೆ ಬರುವುದು 100ಕ್ಕಿಂತ ಕೊಂಚ ಕಡಮೆಯೇ. ‘ಗಿಗಾಬಿಟ್’ ಎಂದು ಬರೆದಿರುವ ಕಿಂಡಿ ಸಾವಿರದವರೆಗೆ ಬಿಡುತ್ತದೆ. ಟಿಪಿ-ಲಿಂಕ್ ಕಂಪನಿಯ ಆರ್ಚರ್ ಸಿ50 ಮತ್ತು ಆರ್ಚರ್ ಸಿ6 ಎಂಬ ಎರಡು ರೌಟರುಗಳನ್ನು ನೋಡಿರಿ. ಕಂಪನಿ ಒಂದೇ, ಎರಡರ ಮೇಲೂ ಬರೆದಿರುವುದು ಎಸಿ 1200. ಆದರೆ ಸಿ50ರ ಕಿಂಡಿ 100ರದು, ಸಿ6ರದು ಗಿಗಾಬಿಟ್. 200 ಮೆಗಾಬಿಟ್ಟಿನ ಸಾಲಿಗೆ ದುಡ್ಡು ಕಟ್ಟುವವರು ಕಂಪನಿಯ ಹೆಸರನ್ನು ಮಾತ್ರ ಕೇಳಿ ಮೊದಲನೆಯದನ್ನು ತಂದರೆ ತಿಂಗಳು ತಿಂಗಳೂ ಅರ್ಧ ದುಡ್ಡು ಗೋಡೆಯ ಪಾಲು. “ಯಾವ ಕಂಪನಿ” ಎಂಬ ಪ್ರಶ್ನೆ ಸಾಲದೆಂದು ನಾವು ಹೇಳುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕೊಂಬುಗಳ ಮಾತು: ಅಲೆಯ ಶಕ್ತಿಗೆ ಸರಕಾರ ಮಿತಿ ಇಟ್ಟಿದೆ. ಆರು ಕೊಂಬಿದ್ದ ಮಾತ್ರಕ್ಕೆ ಎರಡು ಕೊಂಬಿನದಕ್ಕಿಂತ ಮೂರು ಪಟ್ಟು ದೂರ ಹೋಗದು. ಮತ್ತೊಂದು, ಹಳೆಯ ಟೆಲಿಫೋನ್ ತಂತಿಗೆಂದು ಮಾಡಿದ ಡಿ.ಎಸ್.ಎಲ್. ಮೋಡೆಮುಗಳು ಹಳೆಯ ಸಾಮಾನಿನ ಅಂಗಡಿಗಳಲ್ಲಿ ಅಗ್ಗವಾಗಿ ಸಿಗುತ್ತವೆ. ಅವುಗಳ ಸಾಲಿನ ಕಿಂಡಿ ಟೆಲಿಫೋನ್ ಪಿನ್ನಿನಷ್ಟು ಕಿರಿದು. ಫೈಬರಿನ ಮನೆಗೆ ಅಂಥದನ್ನು ರೌಟರೆಂದು ತರಬೇಡಿರಿ. ಒಮ್ಮೆ ನಾವೇ ತಂದು ಪೆಚ್ಚಾಗಿದ್ದೇವೆ.

ಸ್ಥೂಲವಾಗಿ ಹೇಳುವುದಾದರೆ, ಒಂದೆರಡು ಕೋಣೆಯ ಮನೆಗೆ, 100 ಮೆಗಾಬಿಟ್ಟಿನೊಳಗಿನ ಸಾಲಿಗೆ, ಎರಡು ಪಟ್ಟಿಯ ಎಸಿ 1200 ಸಾಕು. ಅದಕ್ಕೆ ಮೇಲ್ಪಟ್ಟ ಸಾಲಿಗೆ, ಅಥವಾ ಹತ್ತಾರು ಫೋನು ಕೂಡುವ ಮನೆಗೆ ಗಿಗಾಬಿಟ್ ಕಿಂಡಿಯ ವೈ-ಫೈ 6 ತಕ್ಕದ್ದು. 2.4ರ ಒಂದೇ ಪಟ್ಟಿಯ ಎನ್ 300ನ್ನು ಒತ್ತೊತ್ತಾದ ಓಣಿಯಲ್ಲಿ ಇನ್ನು ಮೇಲೆ ಕೊಳ್ಳದಿರುವುದೇ ಲೇಸು. ಮೇಲಂತಸ್ತಿಗೂ ತಲುಪಬೇಕಾದರೆ ದುಬಾರಿ ರೌಟರ್ ಒಂದಕ್ಕಿಂತ, ತಂತಿ ಎಳೆದು ಮೇಲೆ ಇನ್ನೊಂದು ಸಾಧಾರಣ ರೌಟರ್ ಕೂಡಿಸುವುದು ಹೆಚ್ಚು ಫಲ ಕೊಡುತ್ತದೆ. ಕೊಳ್ಳುವ ಮೊದಲು ಸಾಲಿನ ಕಂಪನಿಗೆ ಫೋನು ಮಾಡಿ “ನಮ್ಮ ಸ್ವಂತ ರೌಟರ್ ಕೂಡಿಸಬಹುದೆ? ಅದಕ್ಕೆ ಬಳಕೆದಾರನ ಹೆಸರು, ಗುಪ್ತಪದ ಬೇಕೆ?” ಎಂದು ಕೇಳಿಕೊಳ್ಳುವುದನ್ನು ಮರೆಯಬಾರದು.

ಇನ್ನು ಕಂಪನಿಗಳ ಮಾತು

ಪೇಟೆಯಲ್ಲಿ ಹೆಚ್ಚಾಗಿ ಕಾಣುವ ಹೆಸರುಗಳು ಇವು. ಟಿಪಿ-ಲಿಂಕ್ 1996ರಲ್ಲಿ ಚೀನದ ಶೆನ್‌ಜೆನ್ನಿನಲ್ಲಿ ಹುಟ್ಟಿದ್ದು. ಮರ್ಕ್ಯುಸಿಸ್ ಎಂಬ ಅಗ್ಗದ ಹೆಸರೂ ಅದೇ ಮನೆತನದ್ದು. ಟೆಂಡಾ ಕೂಡ ಶೆನ್‌ಜೆನ್ನಿನದೇ. ಡಿ-ಲಿಂಕ್ 1986ರಲ್ಲಿ ತೈವಾನಿನಲ್ಲಿ ಆರಂಭವಾದದ್ದು. ಅಸೂಸ್ ಸಹ ತೈವಾನಿನದು, 1989ರದು. ನೆಟ್‌ಗಿಯರ್ ಅಮೆರಿಕದ್ದು. ಲಿಂಕ್‌ಸಿಸ್ ಕೂಡ ಅಮೆರಿಕದಲ್ಲಿ ಹುಟ್ಟಿದ್ದೇ. ಆದರೆ 2003ರಲ್ಲಿ ಸಿಸ್ಕೊ ಕೈಗೆ, 2013ರಲ್ಲಿ ಬೆಲ್ಕಿನ್ ಕೈಗೆ, 2018ರಲ್ಲಿ ಬೆಲ್ಕಿನ್ನಿನೊಡನೆ ಫಾಕ್ಸ್‌ಕಾನ್ ಬಳಗಕ್ಕೆ ಸೇರಿತು. ಹೆಸರು ಉಳಿದು ಒಡೆತನ ಬದಲಾಗುವುದು ಗಿರಣಿಗಳಲ್ಲಿ ಹೇಗೋ ಇಲ್ಲಿಯೂ ಹಾಗೆ.

ಇವರಲ್ಲಿ ಯಾರಿಗೂ ಕುಂದು ತಟ್ಟದು ಎಂದು ಹೇಳುವಂತಿಲ್ಲ. 2018ರ ಮೇ ತಿಂಗಳಲ್ಲಿ ವಿ.ಪಿ.ಎನ್. ಫಿಲ್ಟರ್ ಎಂಬ ಕೇಡಿನ ತಂತ್ರಾಂಶ ಕನಿಷ್ಠ 54 ದೇಶಗಳಲ್ಲಿ ಸುಮಾರು 5 ಲಕ್ಷ ಯಂತ್ರಗಳನ್ನು ಹೊಕ್ಕಿದೆಯೆಂದು ಸಿಸ್ಕೊ ಕಂಪನಿಯ ಸಂಶೋಧಕರು ಹೊರಗೆಡವಿದರು. ಮನೆಯ ರೌಟರುಗಳನ್ನು ಆರಿಸಿ ಹೊತ್ತಿಸಿರೆಂದು ಅಮೆರಿಕದ ಎಫ್.ಬಿ.ಐ. ಎಲ್ಲರಿಗೂ ಸಾರಿತು. ಅದಕ್ಕೆ ತುತ್ತಾದ ಹೆಸರುಗಳ ಪಟ್ಟಿಯಲ್ಲಿ ಲಿಂಕ್‌ಸಿಸ್, ನೆಟ್‌ಗಿಯರ್, ಟಿಪಿ-ಲಿಂಕ್ ಇದ್ದವು. ಮುಂದೆ ಅಸೂಸ್, ಡಿ-ಲಿಂಕ್, ಹುವಾವೆ ಸಹ ಸೇರಿದವು. ಅಗ್ಗದ್ದು, ದುಬಾರಿಯದು, ಚೀನದ್ದು, ಅಮೆರಿಕದ್ದು ಎಂಬ ಭೇದ ಅಲ್ಲಿ ನಿಲ್ಲಲಿಲ್ಲ.

ಹಾಗಾದರೆ ಕಂಪನಿಗಳಲ್ಲಿ ವ್ಯತ್ಯಾಸವೇ ಇಲ್ಲವೆ? ಉಂಟು. ಅದು ಮಾರಿದ ಮೇಲೆ ಕಾಣುವ ವ್ಯತ್ಯಾಸ. ರೌಟರಿನೊಳಗೆ ಒಂದು ತಂತ್ರಾಂಶ ಇರುತ್ತದೆ. ಅದರಲ್ಲಿ ತೂತು ಕಂಡಾಗ ಕಂಪನಿ ತೇಪೆ ಹಾಕಿ ಹೊಸದನ್ನು ಕೊಡಬೇಕು. ಕೆಲವು ವರ್ಷಗಳ ಮೇಲೆ “ಈ ಮಾದರಿಯ ಕಾಲ ಮುಗಿಯಿತು” ಎಂದು ಕಂಪನಿ ಕೈಬಿಡುತ್ತದೆ. ಆಮೇಲೆ ಅದು ಬೀಗ ಮುರಿದ ಬಾಗಿಲು. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಕಂಪನಿಯ ತಾಣದಲ್ಲಿ ಆ ಮಾದರಿಯ ಪುಟ ತೆರೆದು, ಕೊನೆಯ ತಂತ್ರಾಂಶ ಯಾವ ತಾರೀಖಿನದೆಂದು ನೋಡಿರಿ. ಒಂದೆರಡು ವರ್ಷದಿಂದ ಏನೂ ಬಂದಿಲ್ಲವಾದರೆ ಅಂಗಡಿಯವರು ಎಷ್ಟು ರಿಯಾಯಿತಿ ಕೊಟ್ಟರೂ ಬೇಡ. ಒಂದೇ ಮಾದರಿಯಲ್ಲಿ ವಿ1, ವಿ2 ಎಂಬ ಆವೃತ್ತಿಗಳಿರುತ್ತವೆ. ತಳದ ಚೀಟಿಯಲ್ಲಿ ಬರೆದಿರುವ ಆವೃತ್ತಿಗೆ ತಕ್ಕ ತಂತ್ರಾಂಶವನ್ನೇ ನೋಡಬೇಕು.

“ಇಷ್ಟೆಲ್ಲ ಬ್ಯಾಡ್ರೀ, ಒಂದು ಹೆಸರು ಹೇಳ್ರಿ” ಎಂದು ಪಟ್ಟು ಹಿಡಿಯುವವರಿಗೆ ನಮ್ಮ ಉತ್ತರ: ಸಾಧಾರಣ ಸಂಸಾರಕ್ಕೆ ಟಿಪಿ-ಲಿಂಕ್, ಡಿ-ಲಿಂಕ್, ಟೆಂಡಾ ಈ ಮೂರರಲ್ಲಿ ಯಾವುದರಲ್ಲಿ ನಿಮಗೆ ಬೇಕಾದ ಕಿಂಡಿ, ಈಚಿನ ತಂತ್ರಾಂಶ, ಮೂರು ವರ್ಷದ ಖಾತರಿ, ಊರೊಳಗೆ ರಿಪೇರಿಗೆ ಕೊಡುವ ಜಾಗ ಈ ನಾಲ್ಕೂ ಸಿಗುತ್ತವೆಯೋ ಅದು. ಅಸೂಸ್, ನೆಟ್‌ಗಿಯರ್ ರೌಟರುಗಳಲ್ಲಿ ಹೊಂದಿಸುವ ಅನುಕೂಲ ಹೆಚ್ಚು, ಬೆಲೆಯೂ ಹೆಚ್ಚು. ಮನೆಯಿಂದಲೇ ಕಚೇರಿ ಕೆಲಸ ಮಾಡುವವರಿಗೆ ಅದು ಸಲ್ಲಬಹುದು. ಸಿಕಂದರಾಬಾದಿನ ಪಾರ್ಕ್‌ಲೇನಿನ ಚೆನಾಯ್ ಟ್ರೇಡ್ ಸೆಂಟರಿನಲ್ಲಿ ನಾಲ್ಕು ಅಂಗಡಿ ತಿರುಗಿ ಬೆಲೆ ಬರೆದುಕೊಂಡು, ಮನೆಗೆ ಬಂದು ಯೋಚಿಸಿ, ಮರುವಾರ ಕೊಂಡರೆ ಯಾರೂ ಬೈಯುವುದಿಲ್ಲ.

ಬೀಗ ಹಾಕದ ಬಾಗಿಲು

ಕೊಂಡು ತಂದ ದಿನವೇ ಮಾಡಬೇಕಾದ ಒಂದು ಕೆಲಸವನ್ನು ಬಹುಮಂದಿ ಮಾಡುವುದಿಲ್ಲ. ರೌಟರಿಗೆ ಎರಡು ಗುಪ್ತಪದಗಳುಂಟು. ಒಂದು ವೈ-ಫೈ ಸೇರುವುದಕ್ಕೆ. ಇದು ಅಂಗಳದ ಬೀಗ. ಇನ್ನೊಂದು ರೌಟರಿನ ಒಳಗಿನ ವ್ಯವಸ್ಥೆಯನ್ನೇ ಬದಲಿಸುವುದಕ್ಕೆ. ಇದು ತಿಜೋರಿಯ ಬೀಗ. ಮೊದಲನೆಯದನ್ನು ಎಲ್ಲರೂ ಹಾಕುತ್ತಾರೆ. ಎರಡನೆಯದು ಎಷ್ಟೋ ಯಂತ್ರಗಳಲ್ಲಿ ಕಾರ್ಖಾನೆಯಿಂದ ಬಂದ ‘ಅಡ್ಮಿನ್’ ಎಂಬ ಪದವಾಗಿಯೇ ಉಳಿದಿರುತ್ತದೆ. ನಮ್ಮ ಗಿರಣಿಯ ಕಚೇರಿಯಲ್ಲಿ ನಾವೇ ಮೂರು ವರ್ಷ ಹಾಗೆ ಬಿಟ್ಟಿದ್ದೆವೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ.

ಇದರ ಫಲವನ್ನು ಕನ್ನಡನಾಡು ಉಂಡಿದೆ. 2017ರ ಜುಲೈಯಲ್ಲಿ ಬಿ.ಎಸ್.ಎನ್.ಎಲ್.ನ ಕರ್ನಾಟಕ ವಲಯದಲ್ಲಿ ಕೇಡಿನ ತಂತ್ರಾಂಶವೊಂದು ಮನೆಮನೆಯ ಮೋಡೆಮುಗಳನ್ನು ಹೊಕ್ಕು ನಿಲ್ಲಿಸಿತು. ಕೆಟ್ಟವು ಕಾರ್ಖಾನೆಯ ಗುಪ್ತಪದವನ್ನು ಬದಲಿಸದೆ ಬಿಟ್ಟಿದ್ದ ಮೋಡೆಮುಗಳು. ಸುಮಾರು 2,000 ಮೋಡೆಮುಗಳಿಗೆ ತಟ್ಟಿದೆಯೆಂದು ಸಂಸ್ಥೆಯವರು ಮೊದಲು ತಿಳಿಸಿದರು. ಬಳಿಕ ಬಂದ ವರದಿಗಳಲ್ಲಿ ಸಂಖ್ಯೆ ಅದಕ್ಕೂ ಬಹಳ ಹೆಚ್ಚಾಗಿತ್ತು. ಗ್ರಾಹಕರೆಲ್ಲ ಗುಪ್ತಪದ ಬದಲಿಸಿಕೊಳ್ಳಿರೆಂದು ಸಂಸ್ಥೆ ಕೇಳಿಕೊಂಡಿತು. ಅಲ್ಲಿ ಮೋಡೆಮಿನ ಕಂಪನಿ ಯಾವುದೆಂದು ಕಳ್ಳ ಕೇಳಲಿಲ್ಲ. ಬೀಗ ಇದೆಯೋ ಇಲ್ಲವೋ ಎಂದಷ್ಟೇ ನೋಡಿದ.

ಅಂಗಳದ ಬೀಗವನ್ನೂ ಹಗುರಾಗಿ ಕಾಣಬಾರದು. 2008ರ ಜುಲೈಯಲ್ಲಿ ಅಹಮದಾಬಾದಿನಲ್ಲಿ ಬಾಂಬುಗಳು ಸಿಡಿದಾಗ, ಹೊಣೆ ಹೊತ್ತ ದುಷ್ಟರ ಮಿಂಚಂಚೆ ಹೊರಟದ್ದು ನವಿ ಮುಂಬಯಿಯಲ್ಲಿ ವಾಸವಾಗಿದ್ದ ಒಬ್ಬ ಅಮೆರಿಕನ್ನರ ಬೀಗವಿಲ್ಲದ ವೈ-ಫೈ ಮೂಲಕ. ಏನೂ ಅರಿಯದ ಆ ಮನುಷ್ಯ ಪೊಲೀಸರ ವಿಚಾರಣೆ ಎದುರಿಸಬೇಕಾಯಿತು. ಸಾಲು ಯಾರ ಹೆಸರಿನಲ್ಲಿದೆಯೋ ಅವರ ಬಾಗಿಲನ್ನೇ ಮೊದಲು ತಟ್ಟುತ್ತಾರೆ. ಪರಊರಿನಲ್ಲಿ ಬಾಡಿಗೆ ಮನೆಯಲ್ಲಿರುವ ನಮಗೆ ಈ ಪಾಠ ಇತರರಿಗಿಂತ ಹೆಚ್ಚು ಬೇಕು.

ಆದುದರಿಂದ: ಎರಡೂ ಗುಪ್ತಪದಗಳನ್ನು ಬದಲಿಸಿರಿ. ಮೊಬೈಲ್ ನಂಬರು, ಮಗುವಿನ ಹೆಸರು ಬೇಡ. ಸಂಬಂಧವಿಲ್ಲದ ನಾಲ್ಕು ಪದಗಳನ್ನು ಕೂಡಿಸಿ ನಡುವೆ ಅಂಕಿ ಹಾಕಿದರೆ ನೆನಪಿನಲ್ಲೂ ಉಳಿಯುತ್ತದೆ, ಮುರಿಯುವುದೂ ಕಷ್ಟ. ಬೀಗದ ಬಗೆ ಕೇಳಿದಲ್ಲಿ ಡಬ್ಲ್ಯು.ಪಿ.ಎ. 3, ಅದು ಇಲ್ಲದಿದ್ದರೆ ಡಬ್ಲ್ಯು.ಪಿ.ಎ. 2 ಆರಿಸಿರಿ. ಡಬ್ಲ್ಯು.ಪಿ.ಎಸ್. ಎಂಬ ಗುಂಡಿಯ ಸೌಕರ್ಯವನ್ನು ಮುಚ್ಚಿರಿ. ತಂತ್ರಾಂಶ ತಾನಾಗಿ ನವೀಕರಣಗೊಳ್ಳುವ ಅನುಕೂಲವಿದ್ದರೆ ತೆರೆದಿಡಿರಿ. ಬಂದ ನೆಂಟರಿಗೆ ‘ಅತಿಥಿ’ ವೈ-ಫೈ ಬೇರೆ ಕೊಡುವ ಏರ್ಪಾಡು ಈಗಿನ ಬಹುಪಾಲು ರೌಟರುಗಳಲ್ಲಿದೆ.

ಬಿಲ್ಲು, ಖಾತರಿ, ಕರೆಂಟು

ಬಿಲ್ಲಿಲ್ಲದೆ ಕೊಳ್ಳಬೇಡಿರಿ, ಬಿಲ್ಲಿನಲ್ಲಿ ಯಂತ್ರದ ಕ್ರಮಸಂಖ್ಯೆ ಬರೆಸಿರಿ. ಅಂಗಡಿಯಲ್ಲಿ ವ್ಯಾಜ್ಯವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಆನ್‌ಲೈನಿನಲ್ಲಿ ಹಣ ಕಳೆದುಕೊಂಡರೆ ತಡಮಾಡದೆ 1930. ಸಾಲಿನ ಬಗ್ಗೆ ದೂರು ಕೊಟ್ಟಾಗ ಡಾಕೆಟ್ ನಂಬರನ್ನು ಕೇಳಿ ಬರೆದಿಟ್ಟುಕೊಳ್ಳಿರಿ. ಆ ಸಂಖ್ಯೆ ಇಲ್ಲದ ದೂರು ರಸೀತಿ ಇಲ್ಲದ ಪಾವತಿಯಂತೆ. ಅದು ಇದ್ದರೆ, ಪರಿಹಾರ ಸಿಗದಾಗ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಬರೆಯಬಹುದು.

ಕರೆಂಟು ಹೋದಾಗಲೂ ನಡೆಯಬೇಕಾದರೆ ರೌಟರಿಗೆಂದೇ ಚಿಕ್ಕ ಯು.ಪಿ.ಎಸ್. ಸಿಗುತ್ತದೆ. ಅಡಾಪ್ಟರಿನ ಮೇಲೆ 12 ವೋಲ್ಟೋ 9 ವೋಲ್ಟೋ ಓದಿಕೊಂಡು ಅದಕ್ಕೆ ಹೊಂದುವುದನ್ನೇ ತರಬೇಕು. ತಪ್ಪಿದರೆ ಯಂತ್ರ ಸುಡುತ್ತದೆ. ಓ.ಎನ್.ಟಿ. ಬೇರೆಯಾಗಿದ್ದರೆ ಎರಡಕ್ಕೂ ಕರೆಂಟು ಬೇಕೆಂಬುದನ್ನು ಮರೆತು ರೌಟರಿಗೆ ಮಾತ್ರ ಕೊಟ್ಟವರು ದೀಪ ಉರಿಯುವುದನ್ನು ನೋಡುತ್ತ ಕೂರಬೇಕಾಗುತ್ತದೆ.

ಕೊನೆಯದಾಗಿ ಅರಿಕೆ. ಅಂಬರ್‌ಪೇಟೆಯ ನಮ್ಮ ಸ್ನೇಹಿತರು ಮನೆಯಲ್ಲಿ ಹಳೆಯ ರೌಟರನ್ನೇ ಉಳಿಸಿಕೊಂಡಿದ್ದಾರೆ. ಮಗಳ ಪಾಠ ನಿಲ್ಲದೆ ನಡೆದಿದೆ. ಆ ನಾಲ್ಕು ಕೊಂಬಿನದನ್ನು ಅವರು ವಾಚನಾಲಯಕ್ಕೆ ತಂದುಕೊಟ್ಟು, “ಮಂದಿ ಕಲೀಲಿ ಬಿಡ್ರಿ, ನಂದು ಹೋದದ್ದು ಹೋತು” ಎಂದರು. ಅದನ್ನು ಪತ್ರಿಕೆಗಳ ಮೇಜಿನ ಪಕ್ಕದಲ್ಲಿಟ್ಟಿದ್ದೇವೆ. ಗುಪ್ತಪದ ಬದಲಿಸುವುದು, ಕಿಂಡಿ ಗುರುತಿಸುವುದು, ವೇಗ ಅಳೆಯುವುದು ಇವನ್ನು ಕೈಯಾರೆ ಮಾಡಿ ಕಲಿಯಬಯಸುವವರು ಆದಿತ್ಯವಾರ ಬೆಳಗ್ಗೆ ಬರಬಹುದು. ಬರುವಾಗ ನಿಮ್ಮ ಮನೆಯ ಮೂರು ಅಳತೆಗಳ ಹಾಳೆಯನ್ನು ತಪ್ಪದೆ ತನ್ನಿರಿ. ಹಾಳೆ ನೋಡದೆ ಯಾವ ಕಂಪನಿಯ ಹೆಸರನ್ನೂ ನಾವು ಹೇಳುವುದಿಲ್ಲ.